ಹಿಂದಿನ ಓಣಿಯ ಡಾಕ್ಟರು

ಮಾರ್ಚ್ 28

ಹಡಗು ಹೋಯಿತು. ಇನ್ನು ನವೆಂಬರ್‌ವರೆಗೆ ದಕ್ಷಿಣ ಧ್ರುವದ ಕಡೆಯ ಈ ದ್ವೀಪಕ್ಕೆ ಯಾರೂ ಬರುವುದಿಲ್ಲ, ಇಲ್ಲಿಂದ ಯಾರೂ ಹೋಗುವುದಿಲ್ಲ. ಸಂಶೋಧನಾ ಕೇಂದ್ರದ ಮಂದಿ ಎಲ್ಲರೂ ದಂಡೆಯಲ್ಲಿ ನಿಂತು ಕೈ ಬೀಸಿದರು, ಕೆಲವರು ಅತ್ತರು. ನನಗೆ ಮಾತ್ರ ಒಳಗೊಳಗೇ ಸಮಾಧಾನ. ಅವನಿಗೆ ಇನ್ನು ಓಡಿಹೋಗಲು ದಾರಿ ಇಲ್ಲ.

ಅವನು ಎಂದರೆ ಪರಮಾನಂದ, ಜಮಖಂಡಿಯವನು, ಈ ಚಳಿಗಾಲಕ್ಕೆ ನಮ್ಮ ಕೇಂದ್ರದ ಡಾಕ್ಟರು. ಏಳು ವರ್ಷದ ಹಿಂದೆ ನನ್ನ ಅಕ್ಕ ಅನಸವ್ವ ಹೆರಿಗೆ ನೋವು ತಿನ್ನುತ್ತ ಜಮಖಂಡಿಯ ಒಂದು ಖಾಸಗಿ ಆಸ್ಪತ್ರೆಯಲ್ಲಿ ಬಿದ್ದಿದ್ದಾಗ ಅಲ್ಲಿದ್ದ ಡಾಕ್ಟರು ಇವನೇ. ಅಲ್ಲಿದ್ದ ಎನ್ನುವುದೂ ತಪ್ಪು. ಮನೆಯಲ್ಲಿದ್ದ. ಮನೆ ಆಸ್ಪತ್ರೆಯ ಹಿಂದಿನ ಓಣಿಯಲ್ಲೇ, ಒಂದು ಬೀಡಿ ಸೇದಿ ಮುಗಿಸುವುದರೊಳಗೆ ನಡೆದು ಬರಬಹುದು. ನರ್ಸಬಾಯಿ ಮಧ್ಯಾಹ್ನದಿಂದ ಫೋನ್ ಮಾಡಿದಳು. ಇವನು ಬಂದದ್ದು ಸಂಜೆಗೆ. ಅಷ್ಟರಲ್ಲಿ ಅಕ್ಕನೂ ಇರಲಿಲ್ಲ, ಹೊಟ್ಟೆಯೊಳಗಿನ ಕೂಸೂ ಇರಲಿಲ್ಲ. ಹಿರಿಯರು ಕೂಡಿ ಆಗಿದ್ದು ಆಗಿಹೋಯಿತು ಎಂದು ಬಾಯಿ ಮುಚ್ಚಿಸಿದರು, ಇವನು ಊರು ಬಿಟ್ಟ. ನಾನು ಆಗ ಧಾರವಾಡದಲ್ಲಿ ಓದುತ್ತಿದ್ದೆ. ಇವನ ಮುಖ ನೋಡಿರಲಿಲ್ಲ, ಹೆಸರು ಮಾತ್ರ ಬಾಯಿಪಾಠ.

ಆಲ್ಬಟ್ರಾಸ್ ಎಂಬ ದೊಡ್ಡ ಕಡಲಹಕ್ಕಿಗಳ ಅಧ್ಯಯನದ ಕೆಲಸಕ್ಕೆ ಆಯ್ಕೆಯಾಗಿ ತರಬೇತಿಗೆ ಹೋದ ಮೇಲೆ ಡಾಕ್ಟರು ಯಾರೆಂದು ತಿಳಿಯಿತು. ಬಿಟ್ಟು ಬರಬಹುದಿತ್ತು. ನಾನು ಯಾಕೆ ಬಿಡಲಿ? ಹಡಗಿನಲ್ಲಿ ಅವನೇ ಬಂದು ಹಲ್ಲು ಕಿಸಿದ. "ನೀವು ಮುಧೋಳದ ಕಡೆಯವ್ರಂತಲ್ರಿ? ದೇವರ ಕೊಟ್ಟಂಗ ಆತು ನೋಡ್ರಿ. ಕನ್ನಡಾ ಮಾತಾಡಾಕ ಒಬ್ಬರರೆ ಸಿಕ್ಕರಿ."

ನಾನು ಇಂಗ್ಲಿಷಿನಲ್ಲಿ ಯೆಸ್ ಎಂದೆ. ಅವನಿಗೆ ನಾನು ಯಾರೆಂದು ಗೊತ್ತಿಲ್ಲ. ಗೊತ್ತಾಗುವ ದಿನವನ್ನು ನಾನು ಆರಿಸುತ್ತೇನೆ.

ಏಪ್ರಿಲ್ 6

ಇಲ್ಲಿ ಭಾನುವಾರ ಅಡುಗೆಯವನಿಗೆ ರಜೆ, ಉಳಿದವರಿಗೆ ಪಾಳಿ. ಇವತ್ತು ಅವನ ಪಾಳಿ. ಊರ ಕಡೆಯಿಂದ ಜೋಳದ ಹಿಟ್ಟು ಹೊತ್ತು ತಂದಿದ್ದಾನೆ, ಶೇಂಗಾ ಚಟ್ನಿಯನ್ನೂ. ರೊಟ್ಟಿ ಬಡಿಯುವ ಸಪ್ಪಳ ಕೇಳಿ ಇಡೀ ಕೇಂದ್ರ ಅಡುಗೆಮನೆಗೆ ಮುತ್ತಿತು. ಕಡಲೆಹಿಟ್ಟಿನ ಖಾರದ ಝುಣಕ ತಿಂದು ಬೆಳ್ಳಗಿನ ಮುಖಗಳೆಲ್ಲ ಕೆಂಪಾದವು.

ನಮ್ಮಲ್ಲಿ ಎರಡು ಮನೆಗಳ ನಡುವೆ ಸಾವಿನ ವೈರ ಬಂದರೆ ಒಬ್ಬರ ಮನೆಯ ನೀರನ್ನು ಇನ್ನೊಬ್ಬರು ಮುಟ್ಟುವುದಿಲ್ಲ. ಕುಡಿದರೆ ವೈರ ಮುಗಿಯಿತು ಎಂದು ಲೆಕ್ಕ. ನಾನು ಡಬ್ಬಿಯ ಅವರೆಕಾಳು ತೆಗೆದು ತಣ್ಣಗೇ ತಿಂದೆ. ಆ ವಾಸನೆಗೆ ಬಾಯಲ್ಲಿ ನೀರು ಬಂತು, ಅದಕ್ಕೂ ಅವನ ಮೇಲೇ ಸಿಟ್ಟು ಬಂತು.

"ಯಾಕ್ರಿ, ರೊಟ್ಟಿ ಬ್ಯಾಡೇನು?" ಎಂದ. "ನೋ, ಥ್ಯಾಂಕ್ಸ್," ಎಂದೆ. ಅವನ ಮುಖ ಸಪ್ಪಗಾಯಿತು. ಆಗ ಹೊಳೆಯಿತು, ಈ ದ್ವೀಪದಲ್ಲಿ ಅವನಿಗೆ ಕನ್ನಡ ಕೊಡಬಲ್ಲವಳು ನಾನೊಬ್ಬಳೇ. ಕೊಡುವುದಿಲ್ಲ. ಅವನು ಎಷ್ಟು ಕನ್ನಡದಲ್ಲಿ ಮಾತಾಡಿದರೂ ಇಂಗ್ಲಿಷಿನಲ್ಲೇ ಉತ್ತರ. ಬಾಯಾರಿ ಸಾಯಲಿ.

ಏಪ್ರಿಲ್ 23

ನಿನ್ನೆ ಮೊನ್ನೆ ಎರಡೂ ದಿನ ನಡಿಗೆ. ಇಲ್ಲಿ ಯಾರೂ ಒಂಟಿಯಾಗಿ ಹೊರಗೆ ಹೋಗುವಂತಿಲ್ಲ, ನನ್ನ ಜೊತೆಗಾರ ಇಯಾನ್. ದಂಡೆಯಲ್ಲಿ ಆನೆ ಸೀಲು ಎಂಬ ಕಡಲಪ್ರಾಣಿಗಳು ಎಮ್ಮೆಗಳ ಹಾಗೆ ಬಿದ್ದುಕೊಂಡಿರುತ್ತವೆ, ಅವುಗಳನ್ನು ಬಳಸಿಕೊಂಡು, ಸೊಂಟದೆತ್ತರದ ಹುಲ್ಲಿನ ಗುಪ್ಪೆಗಳನ್ನು ಹಾಯ್ದು ಗುಡ್ಡ ಹತ್ತಬೇಕು. ಹಸಿರು ಚೆಂದ ಇದೆಯಲ್ಲ ಎಂದು ಕಾಲಿಟ್ಟರೆ ತೊಡೆತನಕ ಕೆಸರು. ಮೇಲೆ ಬಯಲಿನಲ್ಲಿ ಗಿಡವಿಲ್ಲ, ಮರವಿಲ್ಲ, ಗಾಳಿ ಮನುಷ್ಯನನ್ನು ಎತ್ತಿ ಒಗೆಯುತ್ತದೆ. ಅದನ್ನು ದಾಟಿ ದಕ್ಷಿಣದ ದಂಡೆಗೆ ಇಳಿದರೆ ಒಂದು ಗುಡಿಸಲು, ಸುತ್ತ ನನ್ನ ಹಕ್ಕಿಮರಿಗಳು. ಇಡೀ ಒಂದು ಹಗಲಿನ ದಾರಿ.

ಮರಿ ಒಂದೊಂದೂ ಕುರಿಮರಿಯಷ್ಟು ದಪ್ಪ. ತಾಯಿ ತಂದೆ ಸಮುದ್ರಕ್ಕೆ ಹೋಗಿರುತ್ತವೆ, ಇದು ಮಣ್ಣಿನ ಗೂಡಿನ ಮೇಲೆ ಹಿಮ ಹೊದ್ದು ಒಂದೇ ಕೂತಿರುತ್ತದೆ. ಹತ್ತಿರ ಹೋದರೆ ಕೊಕ್ಕು ಕಟಕಟಿಸಿ ಬೈಯುತ್ತದೆ. ನನಗೆ ಇವು ಹಿಡಿಸಿವೆ.

ಮಳೆ ಅಂಗಿಯ ಮೇಲೆ ನಾನು ಅಪ್ಪನ ಕಂಬಳಿ ಹೊದೆಯುತ್ತೇನೆ. ಇಯಾನ್ ಮೊದಲು ನಕ್ಕ, ಈಗ ತನಗೂ ಒಂದು ಸಿಗುತ್ತದೆಯೇ ಎಂದು ಕೇಳುತ್ತಾನೆ. ಅವನಿಗೆ ಅವ್ವನ ಕಥೆ ಹೇಳಿದೆ. ಅವ್ವ ಹಣಮವ್ವ ಬೀಳಗಿಯ ಆಚೆ ಕುರಿ ಹಿಂಡಿನ ಜೊತೆ ಇದ್ದಾಗ ಜಾಲಿಗಿಡದ ಬುಡದಲ್ಲಿ ಅಕ್ಕನನ್ನು ಹಡೆದಳು. ಕೂಸನ್ನು ಕಂಬಳಿಯಲ್ಲಿ ಕಟ್ಟಿಕೊಂಡು ಅದೇ ಸಂಜೆ ಮುಂದಿನ ಬಿಡಾರಕ್ಕೆ ಹಿಂಡಿನ ಹಿಂದೆ ನಡೆದಳು. ನಮ್ಮ ಮನೆಯಲ್ಲಿ ಯಾರೇ ನೋವು ಎಂದರೂ ಅವ್ವ ಈ ಕಥೆ ತೆಗೆಯುತ್ತಾಳೆ. ನನಗೆ ಹೇಳುವಾಗ ಹೆಮ್ಮೆಯೇ ಆಯಿತು.

ಮೇ 4

ಬಿಸಿಗಾಳಿಯ ಕೋಣೆಯಲ್ಲಿ ಪರಮಾನಂದನ ಒದ್ದೆ ಕಾಲುಚೀಲ ಒಣಗಲು ಹಾಕಿತ್ತು. ತೆಗೆದು ಮೂಲೆಗೆ ಎಸೆದೆ. ಸಣ್ಣತನ ಎಂದು ಗೊತ್ತು. ಹಿತವಾಯಿತು.

ಮೇ 18

ತಿಂಗಳಿಗೊಮ್ಮೆ ಡಾಕ್ಟರಿಗೆ ಮೈ ತೋರಿಸಬೇಕೆಂಬ ನಿಯಮ. ಕಳೆದ ತಿಂಗಳು ನೆಪ ಹೇಳಿ ತಪ್ಪಿಸಿಕೊಂಡಿದ್ದೆ. ಈ ಸಲ ಕೇಂದ್ರದ ಮುಖ್ಯಸ್ಥೆ ಹೆಲೆನ್ ಕರೆದು ಕೇಳಿದಳು. ಅವನ ಕೈ ನನ್ನ ಮೈಗೆ ಬೇಡ ಎಂದೆ, ಕಾರಣ ಹೇಳಲಿಲ್ಲ. ಅವಳು ಏನು ತಿಳಿದಳೋ, ತಾನೇ ನನ್ನ ತೂಕ, ರಕ್ತದೊತ್ತಡ ನೋಡಿದಳು. ಅವನನ್ನು ಹೊರಗೆ ನಿಲ್ಲಿಸಿದಳು. ತನ್ನದೇ ಕೋಣೆಯ ಹೊರಗೆ ಅವನು ಕೈಕಟ್ಟಿ ನಿಂತಿದ್ದನ್ನು ಬಾಗಿಲ ಗಾಜಿನಲ್ಲಿ ನೋಡಿದೆ.

ಆಮೇಲೆ ಬಂದು ಕೇಳಿದ. "ನನ್ನಿಂದೇನರೆ ತಪ್ಪಾಗೇತೇನು, ತಂಗೀ?"

ತಂಗಿಯಂತೆ. ಯಾರ ತಂಗಿ ಎಂದು ತಿಳಿದರೆ ಆ ಶಬ್ದ ಅವನ ಗಂಟಲಲ್ಲೇ ಸಿಕ್ಕಿಕೊಳ್ಳುತ್ತದೆ.

ಜೂನ್ 8

ಹೇಳಿಬಿಟ್ಟೆ. ದಿನ ಆರಿಸುತ್ತೇನೆ ಎಂದಿದ್ದೆ, ಆರಿಸಲಿಲ್ಲ, ಬಾಯಿಂದ ಬಂತು.

ಮತ್ತೆ ಅವನ ಪಾಳಿ. ಉಳಿದವರು ಸಿನಿಮಾ ನೋಡುತ್ತಿದ್ದರು. ಚಹಾಕ್ಕೆಂದು ಹೋದೆ, ಒಬ್ಬನೇ ರೊಟ್ಟಿ ಬಡಿಯುತ್ತಿದ್ದ. "ಬರ್ರಿ. ನಿಮ್ಮ ಮನ್ಯಾಗ ರೊಟ್ಟಿ ಯಾರ ಬಡಿತಾರ್ರಿ, ಅವ್ವಾರೇನು?" ಎಂದ.

"ಅಕ್ಕ ಬಡಿತಿದ್ದಳು," ಎಂದೆ. ಕನ್ನಡದಲ್ಲಿ. ಅವನು ಬಾಯಗಲಿಸಿ ನಕ್ಕ, ಪಾಪ, ಅಷ್ಟು ಖುಷಿ. "ಅನಸವ್ವ ಅಂತ. ಜಮಖಂಡ್ಯಾಗ ನಿಮ್ಮ ದವಾಖಾನಿಗೆ ಹಡ್ಯಾಕ ಬಂದು ಸತ್ತಳು. ಏಳ ವರ್ಷಾತು."

ಹಂಚಿನ ಮೇಲಿನ ರೊಟ್ಟಿ ಸೀಯುವ ವಾಸನೆ ಬಂದರೂ ಅವನು ತಿರುವಿ ಹಾಕಲಿಲ್ಲ. ಒಲೆ ಆರಿಸಿ ಎಂದ. "ನೀವು ಜಕ್ಕಪ್ಪನವರ..."

"ಸಣ್ಣ ಮಗಳು."

ಕೋಣೆಗೆ ಹೋಗಿ ಅವ್ವ ಕಟ್ಟಿಕೊಟ್ಟ ಭಂಡಾರದ ಪೊಟ್ಟಣ ತಂದೆ. ಬೀರಪ್ಪ ದೇವರ ಅರಿಸಿನ ಅಂಗೈಯಲ್ಲಿ ಹಿಡಿದು ನಮ್ಮ ಕಡೆ ಯಾರೂ ಸುಳ್ಳು ಹೇಳುವುದಿಲ್ಲ, ಕುರುಬರಲ್ಲದವರೂ ಹೇಳುವುದಿಲ್ಲ. ಅದು ಅವನಿಗೂ ಗೊತ್ತು. ಹಿಟ್ಟಿನ ಕೈ ತೊಳೆದು ಒರೆಸಿಕೊಂಡು ತಾನೇ ಅಂಗೈ ಚಾಚಿದ. ಸುರಿದೆ.

"ಫೋನ್ ಬಂದಾಗ ಎಲ್ಲಿದ್ರಿ?"

"ಮನ್ಯಾಗ. ಬೀಗರು ಬಂದಿದ್ರು. ಊಟಕ್ಕ ಕುಂತಿದ್ವಿ."

"ಯಾಕ ಬರಲಿಲ್ಲ?"

ಅವನು ಅಂಗೈ ನೋಡುತ್ತ ಹೇಳಿದ. "ಯಾರ ಪೈಕಿ ಅಂತ ನರ್ಸಬಾಯಿನ್ನ ಕೇಳಿದೆ. ಕುರುಬರ ಪೈಕಿ ಅಂದಳು. ಅವರು ಗಟ್ಟಿ ಮಂದಿ, ಅಡವ್ಯಾಗ ಹಡದು ಕುರಿ ಹಿಂದ ನಡಿಯವರು, ಏನಾಗೂದಿಲ್ಲ ಬಿಡು, ಸಂಜಿಗೆ ಬರ್ತೇನಿ ಅಂದೆ. ಹೋಳಗಿ ಇನ್ನೂ ಬಡಿಸಿದ್ದಿಲ್ಲ. ಮತ್ತೆರಡ ಸಲ ಬಂತು. ಕಡೀ ಸಲದ್ದು ಎತ್ತಲೇ ಇಲ್ಲ."

ಕುಡಿದಿದ್ದ, ಊರಲ್ಲಿರಲಿಲ್ಲ, ಏನಾದರೂ ದೊಡ್ಡ ಕಾರಣ ಇದ್ದೀತು ಎಂದುಕೊಂಡಿದ್ದೆ. ಹೋಳಿಗೆ. ಮತ್ತು ಅವ್ವ ಎದೆ ಉಬ್ಬಿಸಿ ಹೇಳುವ ಮಾತು, ನಾನು ಇಯಾನನಿಗೆ ಹೇಳಿದ ಮಾತು, ಅದನ್ನೇ ನೆಪ ಮಾಡಿಕೊಂಡು ಇವನು ಉಂಡಿದ್ದಾನೆ. ಕೈಗೆ ಸಿಕ್ಕಿದ್ದನ್ನು ಎತ್ತಿ ಬೀಸಬೇಕೆನಿಸಿತು. ಲಟ್ಟಣಿಗೆ ಅಲ್ಲೇ ಇತ್ತು.

ಬೀಸಲಿಲ್ಲ. "ಇಪ್ಪತ್ತೊಂದನೇ ತಾರೀಖು ಎಲ್ಲಾರ ಮುಂದ ಇದನ್ನ ಹೇಳ್ತೀನಿ," ಎಂದೆ. ಅಂದು ಇಲ್ಲಿ ಅತಿ ಸಣ್ಣ ಹಗಲು, ನಡುಚಳಿಗಾಲದ ದೊಡ್ಡ ಊಟ, ಒಬ್ಬೊಬ್ಬರೂ ಎದ್ದು ಮಾತಾಡುತ್ತಾರೆ. ನನ್ನ ಮಾತು ಇದೇ. ಇನ್ನು ಐದು ತಿಂಗಳು ಅವನು ಆ ಕಣ್ಣುಗಳ ನಡುವೆ ಇರಲಿ.

"ಹೇಳ್ರಿ," ಎಂದ.

ಜೂನ್ 12

ಭಾಷಣ ಬರೆದಾಯಿತು. ಒಂದು ಹಾಳೆ, ಇಂಗ್ಲಿಷಿನಲ್ಲಿ. ಓದಿ ನೋಡಿದರೆ ಮೈ ಜುಂ ಎನ್ನುತ್ತದೆ. ಅವನ ಅಂಗೈ ಇನ್ನೂ ಹಳದಿ. ಪಾತ್ರೆ ತೊಳೆಯುವಾಗ ಕೇಂದ್ರದ ಪ್ಲಂಬರ್ ಸ್ಕಾಟ್ ಅದೇನೆಂದು ಕೇಳಿದ. "ಊರಿನ ಔಷಧಿ," ಎಂದ ಅವನು.

ಜೂನ್ 16

ಗುಡಿಸಲಿಗೆ ಬಂದೆವು, ನಾನು, ಇಯಾನ್. ಮರಿಗಳನ್ನು ಎಣಿಸಿ ಹತ್ತೊಂಬತ್ತಕ್ಕೆ ವಾಪಸ್. ನಿನ್ನೆಯಿಂದ ಹೊಟ್ಟೆ ಸರಿಯಿಲ್ಲ. ಡಬ್ಬಿಯ ಕಾಳಿನದೇ ಇರಬೇಕು. ಬಯಲು ದಾಟುವಾಗ ಎರಡು ಸಲ ಕೂತೆ. ಇಯಾನ್ ನನ್ನ ಚೀಲವನ್ನೂ ಹೊತ್ತ. ಹಾಗೆ ಯಾರಿಗೂ ಕೊಡುವವಳಲ್ಲ ನಾನು.

ಜೂನ್ 17

ಗಾಳಿ. ಹಾರಿಹೋಗದಂತೆ ಬಿಗಿದ ತಂತಿಗಳೊಳಗೆ ಗುಡಿಸಲು ನರಳುತ್ತಿದೆ. ಇಯಾನ್ ಹತ್ತಿರದ ಗೂಡುಗಳನ್ನಷ್ಟೇ ನೋಡಿ ಬಂದ. ನಾನು ಹೋಗಲಿಲ್ಲ. ಉಂಡದ್ದು ನಿಲ್ಲುತ್ತಿಲ್ಲ. ಸಂಜೆ ವೈರ್‌ಲೆಸ್ಸಿನಲ್ಲಿ ಎಲ್ಲ ಸರಿ ಎಂದು ಹೇಳಿಸಿದೆ. ಇಯಾನ್ ಒಪ್ಪಲಿಲ್ಲ, ಬೈದು ಒಪ್ಪಿಸಿದೆ. ಡಾಕ್ಟರಿಗೆ ಗೊತ್ತಾಗಬಾರದು. ಇಂಥ ನೋವು ಎಷ್ಟು ಮಂದಿ ತಿಂದಿಲ್ಲ.

ಜೂನ್ 18

ನೋವು ಬಲಗಡೆ ಇಳಿದಿದೆ. ಕಾಲು ಚಾಚಲಾರೆ.

ಸಂಜೆ ಇಯಾನ್ ನನ್ನನ್ನು ಕೇಳದೆ ಹೇಳಿಬಿಟ್ಟ. ಪರಮಾನಂದ ಬಂದ ವೈರ್‌ಲೆಸ್ಸಿಗೆ. "ಮಾಲಾ ಅವರ, ಮೊದಲ ಹೊಕ್ಕಳದ ಸುತ್ತ ಇತ್ತೇನು? ಈಗ ಒತ್ತಿ ಬಿಟ್ರ ಹೆಚ್ಚಾಕ್ಕತೇನು? ಜ್ವರ ಅದಾವೇನು?"

"ಏನೂ ಇಲ್ಲ. ನಾವು ಗಟ್ಟಿ ಮಂದಿ ಅದೀವಲ್ಲ, ಡಾಕ್ಟ್ರೇ," ಎಂದೆ. "ನೀವು ಊಟಾ ಮಾಡ್ರಿ."

ಬಂದ್ ಮಾಡಿದೆ. ಅವನಿಗೆ ನಾಟಿದೆ ಅದು. ನಗು ಬಂತು. ನಕ್ಕರೆ ನೋವು.

ಜೂನ್ 19

ಗಾಳಿ ಹಾಗೇ ಇದೆ. ಇಯಾನ್ ಹೇಳುತ್ತಾನೆ, ಕೇಂದ್ರದಿಂದ ಪರಮಾನಂದ, ಸ್ಕಾಟ್ ಬೆಳಕು ಹರಿಯುತ್ತಲೇ ಹೊರಟರಂತೆ. ಸುಳ್ಳು. ಇಂಥ ಗಾಳಿಯಲ್ಲಿ ಯಾರೂ ಬರುವುದಿಲ್ಲ. ಅವನಂತೂ ಬರುವುದಿಲ್ಲ. ನನಗೆ ಗೊತ್ತು ಅವನು

ಜೂನ್ 26

ಬರೆಯಲು ಇವತ್ತು ಬಿಟ್ಟರು. ಹಾಸಿಗೆಯಲ್ಲಿ ದಿಂಬಿಗೆ ಒರಗಿ ಕೂತಿದ್ದೇನೆ.

ಹತ್ತೊಂಬತ್ತರಂದು ಕತ್ತಲಾಗುವ ಹೊತ್ತಿಗೆ ಬಂದರು, ಅವನು ಮತ್ತು ಪ್ಲಂಬರ್ ಸ್ಕಾಟ್. ಬಾಗಿಲು ತೆರೆದಾಗ ಮೊದಲು ಗುರುತು ಸಿಗಲಿಲ್ಲ. ಕೆಸರಿನಲ್ಲಿ ಎದೆತನಕ ಇಳಿದು ಎದ್ದಿದ್ದ, ಒಂದು ಕೈಗವಸು ಗಾಳಿಗೆ ಹೋಗಿತ್ತು, ಮೊಣಕಾಲಿನ ಬಟ್ಟೆ ಹರಿದು ರಕ್ತ. ಔಷಧಿಯ ಚೀಲ ಮಾತ್ರ ಎದೆಗೆ ಕಟ್ಟಿಕೊಂಡಿದ್ದ, ಅದಕ್ಕೆ ಒಂದು ಹನಿ ತಾಗಿರಲಿಲ್ಲ. ಒಲೆಯ ಮೇಲೆ ಬರಿಗೈ ಕಾಯಿಸಿಕೊಂಡ, ತಣ್ಣನೆಯ ಕೈ ನನಗೆ ತಾಗಬಾರದೆಂದು.

"ಮುಟ್ಟಬ್ಯಾಡ," ಎಂದೆ. ಬಹುವಚನವಿಲ್ಲದೆ, ಇನ್ನೂ ಏನೇನೋ ಎಂದೆ. ಹಿಂಡಿನ ಜೊತೆ ಬೆಳೆದವಳಿಗೆ ಬೈಗುಳಕ್ಕೇನು ಬರ.

"ಬೈರಿ," ಎಂದ. "ಬೈಕೋಂತನ ಅಂಗಿ ಎತ್ತ್ರಿ."

ಎತ್ತಿದೆ. ಆಮೇಲಿನದು ನನಗೆ ಚೂರುಚೂರು ನೆನಪು. ರಾತ್ರಿಯಿಡೀ ಬಾಟಲಿಯ ಔಷಧಿ ಏರಿಸಿದನಂತೆ. ಮರುದಿನ ಗಾಳಿ ತಗ್ಗಿತು, ರಬ್ಬರ್ ದೋಣಿ ಬಂತು, ಕೇಂದ್ರಕ್ಕೆ ಒಯ್ದು, ಮರಗಟ್ಟಿದ ಬಲಗೈಗಿಂತ ಎಡಗೈಯನ್ನೇ ಹೆಚ್ಚು ನೆಚ್ಚಿ, ಅವನು ಅಪೆಂಡಿಕ್ಸ್ ತೆಗೆದ. ಸ್ಕಾಟ್ ಅರಿವಳಿಕೆ ಕೊಟ್ಟ, ಅಡುಗೆಯವನು ಸಲಕರಣೆ ಹಿಡಿದ, ಇಬ್ಬರಿಗೂ ಬರುವ ಮುಂಚೆ ತರಬೇತಿ ಕೊಟ್ಟಿರುತ್ತಾರೆ. ಔಷಧಿ ಇನ್ನೊಂದು ಹಗಲು ತಡವಾಗಿದ್ದರೆ ನಾನು ಉಳಿಯುತ್ತಿರಲಿಲ್ಲ ಎಂದು ಹೆಲೆನ್ ಹೇಳಿದಳು. ಹೋಗುವುದು ಬೇಡ ಎಂದು ತಾನು ಹೇಳುತ್ತಲೇ ಇದ್ದೆ, ಡಾಕ್ಟರು ಬೂಟಿನ ದಾರ ಕಟ್ಟುತ್ತಲೇ ಇದ್ದರು ಎಂದೂ ಹೇಳಿದಳು.

ನನಗೋಸ್ಕರ ನಡುಚಳಿಗಾಲದ ಊಟ ಮುಂದೆ ಹಾಕಿದ್ದಾರೆ. ಭಾಷಣದ ಹಾಳೆ ಎಲ್ಲಿ ಬಿತ್ತೋ, ಹುಡುಕಬೇಕು. ನಾಳೆ ನೋಡಿದರಾಯಿತು. ಮಧ್ಯಾಹ್ನ ಡಾಕ್ಟರು ಜೋಳದ ಗಂಜಿ ಮಾಡಿ ತಂದಿದ್ದರು, ಉಪ್ಪು ಸ್ವಲ್ಪ ಕಡಿಮೆ. ಹೇಳಿದೆ. ನಾಳೆ ಸರಿ ಮಾಡುತ್ತಾರಂತೆ.

ಜೂನ್ 29

ಇವತ್ತು ಉಪಗ್ರಹ ಫೋನಿನಲ್ಲಿ ಅವ್ವ ಸಿಕ್ಕಳು. ಡಾಕ್ಟರು ಯಾರೆಂದು ಇಷ್ಟು ದಿನ ಅವಳಿಗೆ ಹೇಳಿರಲಿಲ್ಲ. ಹೊಟ್ಟೆ ಕೊಯ್ದವರು ಯಾರು ಎಂದು ಅವಳೇ ಕೇಳಿದಳು. ಹೇಳಿದೆ.

ಅವಳು ಏನನ್ನುವಳೋ ಎಂದು ನಾನು ಗಡಿಬಿಡಿಯಲ್ಲಿ ಎಲ್ಲ ಹೇಳತೊಡಗಿದೆ. ಎಂಥ ಗಾಳಿ, ಎಂಥ ಕೆಸರು, ಮುಖ್ಯಸ್ಥೆ ಬೇಡ ಎಂದರೂ ಹೊರಟರು, ಮೊಣಕಾಲು ಒಡೆದುಕೊಂಡರು, ಬಲಗೈಯ ಬೆರಳುಗಳಿಗೆ ಇನ್ನೂ ಸ್ಪರ್ಶ ಬಂದಿಲ್ಲ. ಯಾಕೆ ಅಷ್ಟೆಲ್ಲ ಹೇಳಿದೆನೋ.

"ನಡದೇ ಬಂದನೇನು ಅಂವಾ?" ಎಂದಳು ಅವ್ವ.

"ಹೂಂ. ಒಂದ ಇಡೀ ಹಗಲ."

"ನೀ ಕರದಿದ್ದೇನು?"

"ಇಲ್ಲವ್ವ. ನಾ ಬ್ಯಾಡ ಅಂದಿದ್ದೆ."

ಏಳು ವರ್ಷ ಅವ್ವ ನನ್ನನ್ನು ತಣ್ಣಗೆ ಮಾಡುತ್ತ ಬಂದವಳು. ಅವಗೂ ಏನರೆ ಅಡಚಣಿ ಇದ್ದೀತು, ಬರಾಕ ಆಗಿರಾಕಿಲ್ಲ ಬಿಡವ್ವ, ಎಂದು ನನಗೆ ಹೇಳುತ್ತ ತನಗೂ ಹೇಳಿಕೊಂಡು ರಾತ್ರಿ ನಿದ್ದೆ ಮಾಡಿದವಳು. ಹೋಳಿಗೆಯ ಮಾತನ್ನು ನಾನು ಅವಳಿಗೆ ಹೇಳಿಲ್ಲ, ಹೇಳುವುದೂ ಇಲ್ಲ. ಅದನ್ನು ಹೇಳದೆಯೇ ಅವಳ ಆಸರೆಯನ್ನು ಕಿತ್ತುಕೊಂಡಿದ್ದೆ.

"ಹಂಗಾರ ಅವಗ ನಡ್ಯಾಕ ಬರ್ತಿತ್ತಲ್ಲ, ಮಾಲಾ," ಎಂದಳು. ಆಮೇಲೆ ಅತ್ತಳು. ಅಕ್ಕನನ್ನು ಮಣ್ಣು ಮಾಡಿದ ದಿನವೂ ಅವ್ವ ಹಾಗೆ ಅತ್ತದ್ದನ್ನು ನಾನು ಕೇಳಿರಲಿಲ್ಲ.

ಸಂಜೆ ಡಾಕ್ಟರು ಹೊಲಿಗೆ ಬಿಚ್ಚಲು ಕರೆದರು. ಬೆರಳಿಗೆ ಸ್ಪರ್ಶವಿಲ್ಲದ್ದರಿಂದ ಎಡಗೈಯಲ್ಲಿ ಕತ್ತರಿ ಹಿಡಿದು, ಮೂಗು ಹೊಟ್ಟೆಗೆ ತಾಗುವಷ್ಟು ಬಗ್ಗಿ ನಿಧಾನವಾಗಿ ಒಂದೊಂದೇ ತೆಗೆಯುತ್ತಿದ್ದರು. ತಲೆ ಎತ್ತದೆಯೇ ಕೇಳಿದರು. "ಅವ್ವಾರು ಏನಂದ್ರು?"

ಆ ಭಾಷಣದ ಹಾಳೆಯಲ್ಲಿ ನಾನು ಬರೆದದ್ದೆಲ್ಲ ಇದರ ಮುಂದೆ ಏನೂ ಅಲ್ಲ. ಇದಕ್ಕಿಂತ ಹರಿತವಾದದ್ದು ನನ್ನ ಕೈಗೆ ಯಾವತ್ತೂ ಸಿಕ್ಕಿರಲಿಲ್ಲ. ಸಿಕ್ಕ ಹೊತ್ತಿಗೆ ನುಂಗಿಕೊಂಡುಬಿಡೋಣ ಅನಿಸಿತು. ಆದರೆ ಮಾತು ಅವ್ವನದು, ಬಚ್ಚಿಡಲು ನಾನು ಯಾರು? ಅವಳು ಹೇಳಿದ ಹಾಗೇ ಹೇಳಿದೆ.

ಕತ್ತರಿ ನಿಂತಿತು. ಹೊರಗೆ ಸೀಲುಗಳು ಒದರುತ್ತಿದ್ದವು. ಅವರು ಕನ್ನಡಕ ತೆಗೆದು ತೋಳಿನಿಂದ ಕಣ್ಣು ಒರೆಸಿಕೊಂಡು ಮತ್ತೆ ಹಾಕಿಕೊಂಡರು.

"ಹೌದ್ರಿ," ಎಂದರು. "ಬರ್ತಿತ್ತು."

ಇನ್ನೂ ಎರಡು ಹೊಲಿಗೆ ಉಳಿದಿದ್ದವು. ತೆಗೆದರು. ಒಂದೂ ನೋಯಲಿಲ್ಲ.